ಬುಕಾನನ್ನನ ಪ್ರವಾಸಗ್ರಂಥವೂ ನಮ್ಮ ಒಕ್ಕಲುತನವೂ



1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುಸುಲ್ತಾನನು ಮಡಿದನು. ಮೈಸೂರು ಒಡೆಯರ ವಂಶಕ್ಕೆ ಮರಳಿತು. ಕರಾವಳಿಯ ಕೆನರಾ ಸೀಮೆಯು ಕುಂಪಣಿಯ ಪಾಲಾಯಿತು. ಈ ನಾಡುಗಳಲ್ಲಿ ಬೆಳೆಯುವುದೇನು, ಬೆಳೆಯುವವರಾರು, ಅದರಿಂದ ವ್ಯಾಪಾರಕ್ಕೆ ಒದಗುವುದೆಷ್ಟು ಎಂಬುದನ್ನರಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ನನನ್ನು ನಿಯಮಿಸಿದನು. ಸ್ಕಾಟ್ಲೆಂಡಿನವನಾದ ಈತನು ವೃತ್ತಿಯಿಂದ ವೈದ್ಯನು, ಅಭಿರುಚಿಯಿಂದ ಸಸ್ಯಶಾಸ್ತ್ರಜ್ಞನು. 1800ನೆಯ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿ 1801ರಲ್ಲಿ ಸಂಚಾರವನ್ನು ಮುಗಿಸಿದನು. ಆ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅದರಲ್ಲಿ ನಮ್ಮ ರಾಗಿಯ ಹೊಲವು ಕಣ್ಣಿಗೆ ಕಟ್ಟುವಂತಿದೆ. ಎಷ್ಟು ಸಲ ಉಳುವರು, ಕೂರಿಗೆಯ ಬಿದಿರಿನ ಕೊಳವೆಗಳಿಂದ ಬೀಜವು ಸಾಲುಸಾಲಾಗಿ ಹೇಗೆ ಬೀಳುವುದು, ನಡುನಡುವೆ ಅವರೆ ತೊಗರಿಗಳ ಅಕ್ಕಡಿ ಸಾಲು ಹೇಗೆ ಬರುವುದು, ಏತ ಕಪಿಲೆಗಳಿಂದ ನೀರೆತ್ತುವ ಬಗೆ ಯಾವುದು, ಕಣದ ರಾಶಿಯಲ್ಲಿ ಸರಕಾರಕ್ಕೂ ಊರಿನ ಆಯಗಾರರಿಗೂ ಸಲ್ಲುವ ಪಾಲೆಷ್ಟು—ಎಲ್ಲವನ್ನೂ ವಿಚಾರಿಸಿ ಬರೆದಿದ್ದಾನೆ. ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾನೆ. ಶಿವಭಕ್ತರು, ಜಂಗಮರು ಮೊದಲಾಗಿ ನಾನಾ ಜನರ ಆಚಾರಗಳನ್ನು ಅವರವರ ಬಾಯಿಂದಲೇ ಕೇಳಿ ದಾಖಲಿಸಿದ್ದಾನೆ.

ಆದರೆ ಮಹಾಶಯರೇ, ಇಂತಹ ಗ್ರಂಥವನ್ನು ವಿವೇಕದಿಂದ ಓದಬೇಕು. ಕೇಳಿದವನು ಕುಂಪಣಿಯ ಅಧಿಕಾರಿ. ಹೇಳಿದವನು ಕಂದಾಯ ತೆರುವ ಒಕ್ಕಲಿಗ. ಇಂತಿಷ್ಟು ಬೆಳೆಯಿತೆಂದರೆ ತೆರಿಗೆಯೇರೀತೆಂಬ ಅಂಜಿಕೆ ಆ ಒಕ್ಕಲಿಗನಿಗೆ ಸಹಜವು. ಜನರು ನಿಜವನ್ನು ಮರೆಮಾಡುವರೆಂಬ ಸಂಶಯವು ಬುಕಾನನ್ನನಿಗೂ ಇತ್ತು. ಆದುದರಿಂದ ಇಳುವರಿಯ ಲೆಕ್ಕವನ್ನು ಎಚ್ಚರಿಕೆಯಿಂದ ನೋಡತಕ್ಕದ್ದು. ಬಿತ್ತುವ ಕ್ರಮವನ್ನು ಮುಚ್ಚಿಡಲು ಕಾರಣವಿರಲಿಲ್ಲ; ಆ ಭಾಗವು ಹೆಚ್ಚು ನಂಬಿಕೆಗೆ ಅರ್ಹವು. ನಮ್ಮ ಉಳುಮೆಯನ್ನು ಅವನು ತನ್ನ ದೇಶದ ಅಳತೆಯಿಂದ ಅಳೆದು ಹೀನವೆಂದೆಣಿಸಿದುದೂ ಉಂಟು. ಆದರೂ ಕಂಡುದನ್ನು ಬರೆಯದೆ ಬಿಡಲಿಲ್ಲ. ಅಭಿಪ್ರಾಯವು ಅವನದು, ಅವನು ಬರೆದಿಟ್ಟ ವಿದ್ಯೆಯು ನಮ್ಮ ಹಿರಿಯರದು.

ಶಾಸ್ತ್ರಗಳಿಗೆ ತಾಳೆಯೋಲೆಯ ಆಸರೆಯಿತ್ತು. ಒಕ್ಕಲಿಗನ ವಿದ್ಯೆಗೆ ನಾಲಗೆಯೊಂದೇ ಆಸರೆ. ಕೂರಿಗೆ ಹಿಡಿದು ಬಿತ್ತಿದ ಹಿರಿಯರು ಇಂದಿಗೂ ಕೆಲವರಿದ್ದಾರೆ. ಬುಕಾನನ್ನನು ಅರಸೊತ್ತಿಗೆಯ ಪ್ರಯೋಜನಕ್ಕಾಗಿ ಕೇಳಿದುದನ್ನು, ಇಲ್ಲಿ ಓದುತ್ತಿರುವ ಮಕ್ಕಳು ಕೃತಜ್ಞತೆಯಿಂದ ಕೇಳಲಿ. ರಾಗಿಯ ತಳಿಗಳ ಹೆಸರು, ಮಳೆಯ ಲೆಕ್ಕ, ಉಪಕರಣಗಳ ಅಂಗಾಂಗಗಳ ಹೆಸರು—ಇವನ್ನು ತಮ್ಮ ಅಜ್ಜಂದಿರಿಂದ ಬರೆದುಕೊಳ್ಳಲಿ. ಹೇಳಿದವರ ಹೆಸರನ್ನೂ ಅದರೊಡನೆ ಬರೆಯಲಿ. ಅನ್ನವಿತ್ತವರ ಋಣಕ್ಕೆ ಅದು ಸಣ್ಣ ಸಂದಾಯವಾದೀತು.