ಕೋಟೆ ಯಾರದು, ಕತ್ತಿ ಯಾರ ಕೈಲಿತ್ತು?
(ಹೊನ್ನಾವರದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ಯುದ್ಧಗಳ ಇತಿಹಾಸ. ನಮ್ಮ ಕೇರಿಗಳಲ್ಲಿ ಕತ್ತಿ ಅಂದ್ರೆ ಸೊಪ್ಪು ಕಡಿಯೋ ಕತ್ತಿ. ಅದನ್ನ ಹಿಡಿದೋನಿಗೆ ಯಾರೂ ವೀರ ಅನ್ನಲ್ಲ. ಇಂಥಾ ನಮಗೆ ಯುದ್ಧದ ಮಾತು ಯಾಕೆ? ಬೆಳಿಗ್ಗೆ ಒಬ್ಬ ಹುಡುಗ ಎದ್ದು ನಿಂತು, "ಕೋರೆಗಾಂವ್‌ನಲ್ಲಿ ನಮ್ಮವರು ಬ್ರಿಟಿಷರ ಕಡೆ ಕಾದಾಡಿದ್ದು ದ್ರೋಹ ಅಂತಾರಲ್ಲ ಅಣ್ಣಾ, ಏನು ಹೇಳೋದು?" ಅಂತ ಕೇಳಿದ. ಅವನಿಗೆ ಉತ್ತರ ಹೇಳೋದೇ ನನ್ನ ಭಾಷಣ. ಉತ್ತರ ಇದೇ ಊರಿಂದ ಶುರುವಾಗ್ತದೆ.

ಭಟ್ಕಳ, ಹೊನ್ನಾವರ, ಮಿರ್ಜಾನ ಇವೆಲ್ಲ ನದಿಬಾಯಿಯ ಬಂದರುಗಳು. ಅರಬ್ಬೀ ಕುದುರೆ ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗ್ತಿತ್ತು. ಬಂದರು ಕೈಬಿಟ್ಟರೆ ರಾಯರ ಅಶ್ವಸೇನೆಯೇ ಸೊರಗುತ್ತಿತ್ತು. ಪೋರ್ಚುಗೀಸರಿಗೆ ಇದು ಗೊತ್ತಿತ್ತು. ಅವರಿಗೆ ಒಳನಾಡು ಬೇಕಿರಲಿಲ್ಲ. ಹಡಗಿಗೆ ಪರವಾನಗಿ ಚೀಟಿ ಕೊಡೋ ಹಕ್ಕು ಬೇಕಿತ್ತು, ಕಪ್ಪದ ಮೆಣಸು ಬೇಕಿತ್ತು. ಕೊಡದವರ ಊರು ಸುಡೋದು ಅವರ ತಂತ್ರ. 1542ರಲ್ಲಿ ಭಟ್ಕಳ ಹಾಗೇ ಸುಟ್ಟಿತು. 1569ರಲ್ಲಿ ಹೊನ್ನಾವರದ ಕೋಟೆ ಅವರ ಕೈ ಸೇರಿತು. ಆದರೂ ಗೇರುಸೊಪ್ಪೆಯ ಚೆನ್ನಭೈರಾದೇವಿ ಅದಾದ ಮೇಲೂ ಎಷ್ಟೋ ವರ್ಷ ಆಳಿದಳು. ಅವಳ ರಾಜಧಾನಿ ಶರಾವತಿಯ ಮೇಲ್ದಂಡೆಯಲ್ಲಿ ಇತ್ತು, ದೊಡ್ಡ ಹಡಗಿಗೆ ಅಲ್ಲಿಗೆ ದಾರಿಯಿಲ್ಲ. ಮೆಣಸಿನ ರಾಣಿ ಅಂತ ಪರಂಗಿಯವರೇ ಹೆಸರಿಟ್ಟರು. ಮೆಣಸು ಬಳ್ಳಿಯಿಂದ ಕೊಯ್ದು, ಹೊತ್ತು ತಂದವರಿಗೆ ಯಾರೂ ಹೆಸರಿಡಲಿಲ್ಲ.

ಮಿರ್ಜಾನ ಕೋಟೆಗೆ ಒಮ್ಮೆ ಹೋಗಿ ನೋಡಿ. ಅಷ್ಟೂ ಚಿರೆಕಲ್ಲು. ಒಂದೊಂದು ಕಲ್ಲೂ ಕಡಿದು, ತಲೆ ಮೇಲೆ ಹೊತ್ತು ತಂದದ್ದು. ಕಲ್ಲು ಹೊರುವಾಗ ಮೈಲಿಗೆ ಇಲ್ಲ, ಗೋಡೆ ಎದ್ದ ಮೇಲೆ ಮೈಲಿಗೆ! ಇರಲಿ.

ಈಗ ತಿಮ್ಮೋಜನ ಮಾತಿಗೆ ಬರೋಣ. ಹೊನ್ನಾವರದ ಈ ಕಡಲ ದಂಡನಾಯಕ 1510ರಲ್ಲಿ ಆಲ್ಬುಕರ್ಕನಿಗೆ, ಕೆಂಪು ಸಮುದ್ರಕ್ಕೆ ಹೋಗಬೇಡ, ಗೋವಾ ಹಿಡಿ, ಇದೇ ಸಮಯ ಅಂದ. ತನ್ನ ದೋಣಿ, ತನ್ನ ಜನ ಕೊಟ್ಟ. ಗೋವಾ ಬಿತ್ತು. ಆಮೇಲೆ ನಾನೂರೈವತ್ತು ವರ್ಷ ಅಲ್ಲಿ ಪರಂಗಿ ಆಳಿಕೆ. ಈ ತಿಮ್ಮೋಜನ ಜಾತಿಯವರನ್ನೆಲ್ಲ ಯಾರಾದರೂ ದ್ರೋಹಿಗಳು ಅಂತಾರಾ? ಇಲ್ಲ. 'ರಾಜಕೀಯ ಲೆಕ್ಕಾಚಾರ' ಅಂತಾರೆ. ಬಡವ ಲೆಕ್ಕ ಹಾಕಿದರೆ ಮಾತ್ರ ದ್ರೋಹ.

ಪೇಶ್ವೆಯ ರಾಜ್ಯದಲ್ಲಿ ಮಹಾರನಿಗೆ ಬೀದಿಯಲ್ಲಿ ನಡೆಯೋ ಹಕ್ಕೂ ಸರಿಯಾಗಿ ಇರಲಿಲ್ಲ. ಅಂಥವನು ಕಂಪನಿಯ ಬೊಂಬಾಯಿ ಸೈನ್ಯ ಸೇರಿ 1818ರ ಜನವರಿ 1ರಂದು ಪೇಶ್ವೆಯ ದಂಡಿಗೆ ಎದುರು ನಿಂತ. ಅಲ್ಲಿನ ಸ್ತಂಭದ ಮೇಲಿರೋ 49 ಹೆಸರಲ್ಲಿ 22 ಮಹಾರರದು. ಯಾವ ದೇಶಕ್ಕೆ ಅವನು ದ್ರೋಹ ಮಾಡಿದ? ಅವನಿಗೆ ಇದ್ದ ದೇಶ ಯಾವುದು?

ಜಪಾನಿನ ಕಥೆಯನ್ನೂ ಕೇಳಿ. 1588ರಲ್ಲಿ ಹಿದೆಯೋಶಿ ಅನ್ನೋ ದೊರೆ ರೈತರ ಮನೆಯ ಕತ್ತಿಗಳನ್ನೆಲ್ಲ ಕಸಿದುಕೊಂಡ. ಆಯುಧ ಸಾಮುರಾಯಿಗಳಿಗೆ ಮಾತ್ರ ಅಂತಾಯ್ತು. ಹತ್ತಿರಹತ್ತಿರ ಮುನ್ನೂರು ವರ್ಷ ಆದ ಮೇಲೆ, 1873ರಲ್ಲಿ, ಕಡ್ಡಾಯ ಸೈನ್ಯಸೇವೆ ಬಂತು. ರೈತರ ಮಕ್ಕಳು ಬಂದೂಕು ಹಿಡಿದರು. 1877ರಲ್ಲಿ ಸಾಮುರಾಯಿಗಳು ದಂಗೆ ಎದ್ದರು. ಕುಮಾಮೊಟೊ ಕೋಟೆಯನ್ನ ಅದೇ ರೈತರ ಮಕ್ಕಳು ಐವತ್ತಕ್ಕೂ ಹೆಚ್ಚು ದಿನ ಬಿಟ್ಟುಕೊಡಲಿಲ್ಲ. ಶೌರ್ಯ ರಕ್ತದಲ್ಲಿ ಇರೋದಾಗಿದ್ದರೆ ಹೀಗಾಗ್ತಿತ್ತಾ? ಕವಾಯತು, ಊಟ, ಬಂದೂಕು, ಸಂಬಳ, ಇವು ಇದ್ದ ಕಡೆ ಶೌರ್ಯ ಇರ್ತದೆ. ಚಾತುರ್ವರ್ಣ್ಯ ಕೆಳಗಿನವರ ಕೈಯಿಂದ ಆಯುಧ ಕಿತ್ತುಕೊಂಡಿತು, ಅದಕ್ಕೇ ಅವರು ತಿರುಗಿ ಬೀಳಲು ಆಗಲಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ಅವರೂ ಸುಬೇದಾರನ ಮಗ. ಪಲ್ಟನ್ನಿನ ಶಾಲೆಯಿಂದ ಆ ಮನೆಗೆ ಅಕ್ಷರ ಬಂತು.

ಹಾಗಂತ ಬ್ರಿಟಿಷರಿಗೆ ಆರತಿ ಎತ್ತೋದು ಬೇಡ ತಮ್ಮಾ. ಕೆಲಸ ಮುಗಿದ ಮೇಲೆ, 1890ರ ದಶಕದಲ್ಲಿ, 'ವೀರ ಜಾತಿ'ಗಳ ಪಟ್ಟಿ ಮಾಡಿ ಮಹಾರರಿಗೆ ಪಲ್ಟನ್ನಿನ ಬಾಗಿಲು ಹಾಕಿದವರೂ ಅವರೇ. ಮನುವಿನ ಲೆಕ್ಕವನ್ನೇ ಇಂಗ್ಲಿಷಿನಲ್ಲಿ ಬರೆದರು, ಅಷ್ಟೆ. ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ ಮತ್ತೆ ಕರೆದು, ಯುದ್ಧ ಮುಗಿದ ಮೇಲೆ ಮತ್ತೆ ಮನೆಗೆ ಕಳಿಸಿದರು. ಬಾಬಾಸಾಹೇಬರು ಬಿಡಲಿಲ್ಲ. 1941ರಲ್ಲಿ ವೈಸರಾಯಿಯ ರಕ್ಷಣಾ ಸಲಹಾ ಸಮಿತಿಗೆ ಹೋದರು, ಒತ್ತಾಯ ಮಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ನು ಎದ್ದು ನಿಂತಿತು. ಎಲ್ಲಿ ಗೊತ್ತಾ? ದೂರ ಎಲ್ಲೂ ಅಲ್ಲ, ಘಟ್ಟದ ಮೇಲೆ, ನಮ್ಮ ಬೆಳಗಾವಿಯಲ್ಲಿ. ಅವರ ಟೋಪಿಯ ಬಿಲ್ಲೆ ಮೇಲೆ ಆಗ ಇದ್ದದ್ದು ಅದೇ ಕೋರೆಗಾಂವ್ ಸ್ತಂಭ.