ನಿಂತ ಬಂಡಿಯ ಯೋಗಕ್ಷೇಮ



ಮೋಟಾರು ಬಂಡಿಯನ್ನು ಓಡಿಸುವ ಕ್ರಮವನ್ನು ಕಲಿಸಲು ಊರೂರಿಗೆ ಶಾಲೆಗಳುಂಟು. ಕಲಿತವನನ್ನು ಸರ್ಕಾರದವರು ಪರೀಕ್ಷಿಸಿ ಲೈಸೆನ್ಸನ್ನೂ ದಯಪಾಲಿಸುತ್ತಾರೆ. ಆದರೆ ಅದೇ ಬಂಡಿಯನ್ನು ನಾಲ್ಕೆಂಟು ವಾರಗಳ ಕಾಲ ಓಡಿಸದೆ ಇಡಬೇಕಾಗಿ ಬಂದಾಗ ಏನು ಮಾಡತಕ್ಕದ್ದೆಂಬುದನ್ನು ಹೇಳಿಕೊಡುವವರು ವಿರಳ. ಅದಕ್ಕೇನು ವಿದ್ಯೆ ಬೇಕು, ಬೀಗದ ಕೈಯನ್ನು ತಿರುಗಿಸಿ ಜೇಬಿಗೆ ಹಾಕಿಕೊಂಡರಾಯಿತು ಎಂಬುದು ಸಾಮಾನ್ಯರ ಅಭಿಪ್ರಾಯ. 2020ನೆಯ ಇಸವಿಯವರೆಗೆ ನಮ್ಮ ಅಭಿಪ್ರಾಯವೂ ಅದೇ ಆಗಿದ್ದಿತು. ಆ ಅಭಿಪ್ರಾಯವನ್ನು ನಾವು ಬಿಟ್ಟುಕೊಟ್ಟ ಬಗೆಯನ್ನು ಈ ದಿನ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಯಾದಗಿರಿ, ಶಹಾಪುರ, ಸುರಪುರಗಳ ಕಡೆಯವರು ಸ್ಪೋರ್ಟ್ಸ್ ಕಾರಿನ ಮಾತೆತ್ತಿದರೆ ಕೇಳುವವರಿಗೆ ನಗೆ ಬರುವುದು ಸಹಜ. ಎತ್ತಿನ ಬಂಡಿ, ಟ್ರಾಕ್ಟರು, ಹತ್ತಿ ತುಂಬಿದ ಲಾರಿ, ಇವು ನಮ್ಮ ರಸ್ತೆಗಳ ವಾಹನಗಳು. ಆದರೂ ಬಂಡಿಯನ್ನು ಓಡಿಸದೆ ಇಡುವ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ರಾಜಪರಂಪರೆಯೇ ಇದೆಯೆಂದರೆ ತಪ್ಪಾಗಲಾರದು. ಈ ಮೂರು ಊರುಗಳೂ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಾರಖಾನೆಗೆ ಸಿಲ್ವರ್ ಗೋಸ್ಟ್ ಎಂಬ ಜಾತಿಯ ಒಂದು ಬಂಡಿಗೆ ಹೇಳಿಕಳುಹಿಸಿ, ಅದು ಬಂದು ಸೇರುವುದಕ್ಕೆ ಮುನ್ನವೇ 1911ರಲ್ಲಿ ತೀರಿಕೊಂಡರು. ಹಳದಿ ಬಣ್ಣದ ಆ ಸಿಂಹಾಸನದ ಬಂಡಿಯನ್ನು ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರು ಮೆರವಣಿಗೆಗಳಿಗೆ ಮಾತ್ರ ಹೊರಡಿಸುತ್ತಿದ್ದರು. ಅದು ಕೆಲವೇ ನೂರು ಮೈಲಿ ಓಡಿ, ಬಳಿಕ ದಶಕಗಳ ಕಾಲ ನಿಂತಲ್ಲೇ ನಿಂತು, ಕೊನೆಗೆ ನಿಪುಣರ ಕೈಯಲ್ಲಿ ಜೀರ್ಣೋದ್ಧಾರ ಹೊಂದಿ, ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡುವವರ ಕಣ್ಣಿಗೆ ಹಬ್ಬವಾಗಿದೆ. ನಿಜಾಮರಿಗೆ ಬೇರೆ ಬಂಡಿಗಳಿದ್ದವು. ನಮ್ಮಂಥವರಿಗೆ ಇರುವುದು ಒಂದೇ.

ಆ ಒಂದರ ಕಥೆಯನ್ನು ಮೊದಲು ಹೇಳುತ್ತೇವೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತಷ್ಟೆ. ಶಹಾಪುರದಲ್ಲಿ ನಮ್ಮ ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ, ತೊಗರಿಯ ಚೀಲಗಳ ಪಕ್ಕದಲ್ಲಿ, ನಮ್ಮ ಸಣ್ಣ ಕಾರನ್ನು ನಿಲ್ಲಿಸಿ ಬೀಗ ಹಾಕಿದೆವು. ಹೊರಗೆ ಹೋಗುವಂತಿಲ್ಲದ ಮೇಲೆ ಅದರ ನೆನಪಾದರೂ ಏಕೆ ಬಂದೀತು? ಮೇ ತಿಂಗಳ ಒಂದು ನಡುರಾತ್ರಿ ನಮ್ಮ ತಾಯಿಯವರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಓಡಿಹೋಗಿ ಬೀಗದ ಕೈಯನ್ನು ತಿರುಗಿಸಿದರೆ, ಎದುರಿನ ದೀಪಗಳು ಒಮ್ಮೆ ಮಿಣುಕಿ ಆರಿಹೋದವು. ನಾಲ್ಕು ಮಂದಿ ಕೂಡಿ ತಳ್ಳಿಯೂ ನೋಡಿದೆವು. ಬ್ಯಾಟರಿ ಪೂರ್ತಿಯಾಗಿ ಬರಿದಾಗಿದ್ದರೆ ಈಗಿನ ಕಾಲದ ಎಂಜಿನ್ನು ತಳ್ಳುವುದಕ್ಕೂ ಜಗ್ಗುವುದಿಲ್ಲವೆಂಬ ಪಾಠವನ್ನು ಆ ಹೊತ್ತಿನಲ್ಲಿ ಕಲಿಯಬೇಕಾಯಿತು. ನೆರೆಮನೆಯವರು ತಮ್ಮ ತರಕಾರಿ ಸಾಗಿಸುವ ಗಾಡಿಯನ್ನು ಹೊರಡಿಸಿದರು. ಅದರಲ್ಲಿ ಚಾಪೆ ಹಾಸಿ, ತಾಯಿಯವರನ್ನು ಮಲಗಿಸಿಕೊಂಡು, ಜೇವರ್ಗಿಯ ಮಾರ್ಗವಾಗಿ ಭೀಮೆಯನ್ನು ದಾಟಿ ಕಲಬುರಗಿಯನ್ನು ಮುಟ್ಟಿದೆವು. ದೇವರ ದಯೆಯಿಂದ ಅವರು ಉಳಿದರು. ಮರುವಾರ ಬಾನೆಟ್ಟನ್ನು ಎತ್ತಿ ನೋಡಿದಾಗ ಎಂಜಿನ್ನಿನ ಮೇಲೆ ತೊಗರಿಯ ಹೊಟ್ಟು, ಗೋಣಿಯ ನಾರು, ಹತ್ತಿಯ ಎಳೆ ಇವುಗಳಿಂದ ಕಟ್ಟಿದ ಅಚ್ಚುಕಟ್ಟಾದ ಇಲಿಯ ಗೂಡೊಂದಿತ್ತು.

ಬ್ಯಾಟರಿ ಏಕೆ ಬರಿದಾಯಿತೆಂಬುದನ್ನು ಲೆಕ್ಕದಿಂದ ತೋರಿಸಬಹುದು. ಬೀಗ ಹಾಕಿದ ಬಂಡಿ ನಿದ್ರೆ ಮಾಡುತ್ತದೆಯೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಅರೆಗಣ್ಣು ತೆರೆದೇ ಇರುತ್ತದೆ. ಗಡಿಯಾರ, ಕಳ್ಳರ ಎಚ್ಚರಿಕೆಯ ಗಂಟೆ, ದೂರದಿಂದ ಬೀಗ ತೆರೆಯುವ ಯಂತ್ರ, ಎಂಜಿನ್ನಿನ ಗಣಕ ಇವೆಲ್ಲ ಹಗಲಿರುಳೂ ತೊಟ್ಟುತೊಟ್ಟಾಗಿ ವಿದ್ಯುತ್ತನ್ನು ಹೀರುತ್ತಿರುತ್ತವೆ. ನಮ್ಮ ಸಣ್ಣ ಕಾರು 25 ಮಿಲಿಆಂಪಿಯರಿನಷ್ಟು ಹೀರುತ್ತಿತ್ತೆಂದು ಇಟ್ಟುಕೊಂಡರೂ, ದಿನವೊಂದಕ್ಕೆ 0.6 ಆಂಪಿಯರ್-ಗಂಟೆ, 45 ದಿನಗಳಿಗೆ 27. ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35, ಅದರಲ್ಲೂ ಹಳತು. ಸ್ಪೋರ್ಟ್ಸ್ ಕಾರಿನಲ್ಲಿ ಇಂಥ ಅರೆನಿದ್ರೆಯ ಯಂತ್ರಗಳು ಇನ್ನೂ ಹೆಚ್ಚು. 50 ಮಿಲಿಆಂಪಿಯರಿನಂತೆ ಹೀರಿದರೆ 60 ಆಂಪಿಯರ್-ಗಂಟೆಯ ಒಳ್ಳೆಯ ಬ್ಯಾಟರಿಯೂ 50 ದಿನಗಳಲ್ಲಿ ಬರಿದು. ಇದಲ್ಲದೆ ಸೆಖೆ ಹೆಚ್ಚಾದಷ್ಟೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಸೋರುವುದುಂಟು. ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳುಗಳ ಸೆಖೆಯನ್ನು ವರ್ಣಿಸುವ ಅಗತ್ಯ ತಮ್ಮೆದುರಿಗಿಲ್ಲ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟು ಹರಳುಗಟ್ಟಿ, ಮುಂದೆ ಎಷ್ಟು ತುಂಬಿಸಿದರೂ ಹಿಡಿಯದಂತಾಗುತ್ತದೆ.

ಇಷ್ಟು ಪೆಟ್ಟು ತಿಂದ ಮೇಲೆ, 2025ರ ಬೇಸಿಗೆಯಲ್ಲಿ ನಮ್ಮ ಸೋದರಳಿಯನು ಬೆಂಗಳೂರಿನಿಂದ ತನ್ನ ಕಾರನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದನು. ಎರಡೇ ಆಸನ, ನೆಲಕ್ಕೆ ಅಂಟಿಕೊಂಡಂಥ ದೇಹ, ಊರೊಳಗಿನ ಒಂದೊಂದು ರಸ್ತೆದಿಬ್ಬದ ಮೇಲೂ ಹೊಟ್ಟೆ ಸವರಿಕೊಂಡು ಬಂದಿತ್ತಂತೆ. ಕೆಲಸದ ನಿಮಿತ್ತ ಅವನು ಎಂಟು ವಾರ ಪರದೇಶಕ್ಕೆ ಹೋಗಬೇಕಾಗಿತ್ತು.

“ಮಾಮಾ, ಏನೂ ಚಿಂತಿ ಮಾಡಬ್ಯಾಡ್ರಿ. ದಿನಾ ಮುಂಜಾನಿ ಐದ್ ಮಿನಿಟ್ ಚಾಲೂ ಮಾಡಿ ಬಂದ್ ಮಾಡ್ರಿ, ಅಷ್ಟ ಸಾಕು” ಎಂದು ಹೇಳಿ ಹೊರಟುಹೋದನು.

ನಾವು ಹಿಂದಿನ ಅನುಭವದಿಂದ ಹೆದರಿದವರಾದ ಕಾರಣ, ಯಾದಗಿರಿಯಿಂದ ಬಲ್ಲ ಮಿಸ್ತ್ರಿಯೊಬ್ಬರನ್ನು ಕರೆಯಿಸಿದೆವು. ವಯಸ್ಸಾದವರು, ಅಂಬಾಸಿಡರಿನ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಅಳಿಯನ ಉಪದೇಶವನ್ನು ಕೇಳಿ ಅವರು ತಲೆಯಾಡಿಸಿದರು.

“ಐದ್ ಮಿನಿಟ್ ಚಾಲೂ ಮಾಡೂದಂದ್ರ ಗಾಡೀನ ದಿನಾ ಸ್ವಲ್ಪ ಸ್ವಲ್ಪ ಕೊಂದಂಗ್ರೀ ಸರ. ಓಡ್ಸೂದಾದ್ರ ಇಪ್ಪತ್ತ್ ಕಿಲೋಮೀಟ್ರ ಓಡ್ಸಿ ತಂದ್ ನಿಲ್ಲಸ್ರಿ. ಇಲ್ಲಾಂದ್ರ ಮುಟ್ಟಬ್ಯಾಡ್ರಿ.”

ವಿಚಾರಿಸಿ ನೋಡಿದರೆ ಈ ಮಾತು ಶಾಸ್ತ್ರಸಮ್ಮತವಾದದ್ದು. ಪೆಟ್ರೋಲು ಉರಿದಾಗ ಹೊಗೆಯೊಂದೇ ಹುಟ್ಟುವುದಿಲ್ಲ, ನೀರಾವಿಯೂ ಹುಟ್ಟುತ್ತದೆ. ಎಂಜಿನ್ನು ಚೆನ್ನಾಗಿ ಕಾದರೆ ಆ ಆವಿ ಹೊರಗೆ ಹೋಗುತ್ತದೆ. ಕಾಯುವ ಮೊದಲೇ ನಿಲ್ಲಿಸಿದರೆ ಹೊಗೆಕೊಳವೆಯಲ್ಲಿಯೂ ಎಣ್ಣೆಯಲ್ಲಿಯೂ ನೀರಾಗಿ ಕೂಡುತ್ತದೆ. ಕೊಳವೆಗೆ ತುಕ್ಕು, ಎಣ್ಣೆಗೆ ಹುಳಿ. ಅದಲ್ಲದೆ ಎಂಜಿನ್ನನ್ನು ಎಬ್ಬಿಸಲು ಖರ್ಚಾದ ವಿದ್ಯುತ್ತು ಐದು ನಿಮಿಷದಲ್ಲಿ ಬ್ಯಾಟರಿಗೆ ಹಿಂದಿರುಗುವುದೂ ಸಂದೇಹವೇ. ಈ ಒಂದು ತಪ್ಪನ್ನು ಸದುದ್ದೇಶದಿಂದ ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಆದಕಾರಣ ಬಂಡಿಯನ್ನು ಮುಟ್ಟದೆ ಇಡುವ ಏರ್ಪಾಟಿಗೆ ತೊಡಗಿದೆವು. ಮೊದಲ ಕೆಲಸ ಸ್ನಾನ. ನಮ್ಮ ಕಡೆಯ ಎರೆಮಣ್ಣು ಚಕ್ರದ ಮೇಲಿನ ಕಮಾನುಗಳಲ್ಲಿ ಮೆತ್ತಿಕೊಂಡರೆ, ಮೇಲೆ ಒಣಗಿದಂತೆ ತೋರಿದರೂ ಒಳಗೆ ತೇವವನ್ನು ಹಿಡಿದುಕೊಂಡೇ ಇರುತ್ತದೆ. ತುಕ್ಕಿಗೆ ಇದಕ್ಕಿಂತ ಅನುಕೂಲವಾದ ತಾಣವಿಲ್ಲ. ತಳಭಾಗವನ್ನೂ ತೊಳೆದು, ಬೇವಿನ ಅಂಟನ್ನೂ ಹಕ್ಕಿಯ ಹಿಕ್ಕೆಯನ್ನೂ ಒರಸಿ, ಬ್ರೇಕಿನ ತಟ್ಟೆಗಳು ಒಣಗುವವರೆಗೆ ಒಂದು ಸುತ್ತು ಓಡಿಸಿ ತಂದೆವು. ಎಂಜಿನ್ ಆಯಿಲ್ ಬದಲಿಸುವ ಕಾಲ ಹತ್ತಿರವಿದ್ದರೆ ನಿಲ್ಲಿಸುವ ಮೊದಲೇ ಬದಲಿಸುವುದು ಲೇಸು. ಹಳೆಯ ಎಣ್ಣೆಯಲ್ಲಿ ಸೇರಿದ ಆಮ್ಲವು ವಾರಗಟ್ಟಲೆ ಒಳಗೇ ನಿಂತು ಲೋಹವನ್ನು ತಿನ್ನಲು ಬಿಡಬಾರದು.

ಪೆಟ್ರೋಲಿನ ವಿಷಯದಲ್ಲಿ ಅಭಿಪ್ರಾಯಭೇದಗಳುಂಟು. ಈಗ ನಮ್ಮ ದೇಶದ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲನ್ನು ಬೆರೆಸುತ್ತಾರೆ. ಎಥನಾಲಿಗೆ ನೀರಿನ ಮೇಲೆ ವ್ಯಾಮೋಹ. ಟ್ಯಾಂಕಿನ ಬರಿಜಾಗದಲ್ಲಿರುವ ಗಾಳಿಯಿಂದಲೂ ತೇವವನ್ನು ಸೆಳೆದುಕೊಳ್ಳುತ್ತದೆ. ತೇವ ಮಿತಿಮೀರಿದರೆ ನೀರೂ ಎಥನಾಲೂ ಕೂಡಿ ತಳಕ್ಕಿಳಿದು ನಿಲ್ಲುತ್ತವೆ. ಆದುದರಿಂದ ಟ್ಯಾಂಕನ್ನು ತುಂಬಿಸಿ ಬರಿಜಾಗವನ್ನು ಕಡಿಮೆ ಮಾಡುವುದು ಯುಕ್ತ. ಆದರೆ ಕುತ್ತಿಗೆಯವರೆಗೆ ತುಂಬಿಸುವುದು ಯುಕ್ತವಲ್ಲ. 20 ಡಿಗ್ರಿ ಸೆಖೆ ಏರಿದರೆ 50 ಲೀಟರು ಪೆಟ್ರೋಲು ಸುಮಾರು ಒಂದು ಲೀಟರಿನಷ್ಟು ಉಬ್ಬುತ್ತದೆ. ಬಂಕಿನ ನಳಿಕೆ ತಾನಾಗಿ ನಿಂತಲ್ಲಿಗೇ ನಿಲ್ಲಿಸಬೇಕು. ಪೆಟ್ರೋಲು ಕೆಡದಂತೆ ಬೆರೆಸುವ ಔಷಧಿಗಳು ಮಾರಾಟಕ್ಕಿವೆ. ನಾಲ್ಕು ವಾರಗಳಿಗೆ ಅವು ಬೇಕಿಲ್ಲವೆಂಬುದು ನಮ್ಮ ಮತ. ಎರಡು ಮೂರು ತಿಂಗಳಾಗುವುದಾದರೆ ಹಾಕಿ, ಔಷಧಿ ಕೊಳವೆಗಳಿಗೂ ಮುಟ್ಟುವಂತೆ ಸ್ವಲ್ಪ ದೂರ ಓಡಿಸಿ ನಿಲ್ಲಿಸತಕ್ಕದ್ದು. ಕಾರ್ಬ್ಯುರೇಟರುಳ್ಳ ಹಳೆಯ ಬಂಡಿಯಾದರೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಬ್ಯಾಟರಿಗೆ ಎರಡು ದಾರಿಗಳಿವೆ. ಸದಾ ಜೋಡಿಸಿಟ್ಟು ಸ್ವಲ್ಪಸ್ವಲ್ಪವಾಗಿ ತುಂಬುತ್ತ, ತುಂಬಿದ ಮೇಲೆ ತಾನೇ ನಿಲ್ಲುವ ಚಾರ್ಜರು ಒಂದು. ಪೂರ್ತಿ ತುಂಬಿಸಿದ ಬಳಿಕ ಋಣ ತುದಿಯ ತಂತಿಯನ್ನು ಕಳಚಿಡುವುದು ಇನ್ನೊಂದು. ನಮ್ಮ ಕಡೆ ವಿದ್ಯುತ್ತು ಬಂದು ಹೋಗುವ ರೀತಿಯನ್ನು ನೆನೆದು ನಾವು ಎರಡನೆಯದನ್ನೇ ಹಿಡಿದೆವು. ತುಂಬಿದ ಬ್ಯಾಟರಿ 12.6 ವೋಲ್ಟಿನಷ್ಟು ತೋರಿಸಬೇಕು, 12.4ಕ್ಕೆ ಇಳಿದರೆ ಮತ್ತೆ ತುಂಬಿಸಬೇಕು. ಇಲ್ಲಿ ಸ್ಪೋರ್ಟ್ಸ್ ಕಾರಿನ ಒಂದು ವಿಶೇಷ ತೊಡಕನ್ನು ಹೇಳಲೇಬೇಕು. ಭಾರವನ್ನು ಹಂಚುವುದಕ್ಕಾಗಿ ಇಂಥ ಕೆಲವು ಬಂಡಿಗಳಲ್ಲಿ ಬ್ಯಾಟರಿಯನ್ನು ಹಿಂದಿನ ಡಿಕ್ಕಿಯಲ್ಲಿ ಇಟ್ಟಿರುತ್ತಾರೆ. ಆ ಡಿಕ್ಕಿಯ ಬೀಗ ತೆರೆಯುವುದು ವಿದ್ಯುತ್ತಿನಿಂದ. ತಂತಿ ಕಳಚಿ ಡಿಕ್ಕಿಯನ್ನು ಮುಚ್ಚಿದಿರೋ, ಬಾವಿಯೊಳಗೆ ಹಗ್ಗವನ್ನು ಬಿಟ್ಟು ಮೇಲೆ ನಿಂತಂತೆ. ಅಳಿಯನ ಬಂಡಿಯೂ ಆ ಜಾತಿಯದೇ. ಮಿಸ್ತ್ರಿಯವರು ಕೈಯಿಂದ ತೆರೆಯುವ ಗುಪ್ತ ಎಳೆತಂತಿ ಎಲ್ಲಿದೆಯೆಂಬುದನ್ನು ಕೈಪಿಡಿಯಲ್ಲಿ ಹುಡುಕಿ, ಎರಡು ಸಲ ಎಳೆದು ನೋಡಿದ ಮೇಲೆಯೇ ತಂತಿಯನ್ನು ಕಳಚಿದರು.

ಟೈರುಗಳ ಮಾತು ಬೇಗ ಮುಗಿಯುತ್ತದೆ. ಅಗಲವಾದ, ಗಿಡ್ಡ ಅಂಚಿನ ಟೈರು ಒಂದೇ ಕಡೆ ಭಾರ ಹೊತ್ತು ನಿಂತರೆ ಅಲ್ಲಿ ಚಪ್ಪಟೆಯಾಗುತ್ತದೆ. ಬೆಳಗಿನ ತಂಪಿನಲ್ಲಿ ಅಳೆದು, ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯನ್ನು ಮೀರದಂತೆ, ವಾಡಿಕೆಗಿಂತ ನಾಲ್ಕೈದು ಪೌಂಡು ಹೆಚ್ಚು ಗಾಳಿ ತುಂಬಿಸಿದೆವು. ಎರಡು ವಾರಕ್ಕೊಮ್ಮೆ ಇಬ್ಬರು ಕೂಡಿ ಚಕ್ರವನ್ನು ಕಾಲುಸುತ್ತು ಉರುಳಿಸಿದೆವು. ಹ್ಯಾಂಡ್ ಬ್ರೇಕನ್ನು ಎಳೆದಿಟ್ಟರೆ ಬ್ರೇಕಿನ ಪಟ್ಟಿಗಳು ತಟ್ಟೆಗೆ ಕಚ್ಚಿಕೊಳ್ಳುವುದುಂಟಾದ್ದರಿಂದ, ಅದನ್ನು ಬಿಟ್ಟು, ಮೊದಲನೆಯ ಗೇರಿನಲ್ಲಿರಿಸಿ, ಚಕ್ರಗಳಿಗೆ ಮರದ ತುಂಡುಗಳನ್ನು ಒತ್ತುಕೊಟ್ಟೆವು. ಎತ್ತಿನ ಬಂಡಿಗೆ ಕಲ್ಲು ಒತ್ತುವ ಪದ್ಧತಿಯೇ ಇದು, ಹೊಸದೇನೂ ಅಲ್ಲ.

ಎಲ್ಲಿ ನಿಲ್ಲಿಸಬೇಕೆಂಬುದೇ ನಮಗೆ ಹೆಚ್ಚು ಯೋಚನೆಗೆ ಕಾರಣವಾಯಿತು. ಬೇವಿನ ನೆರಳು ಹಿತವಾದರೂ ಅಂಟೂ ಇರುವೆಯೂ ಬಿಡವು. ಬರಿಯ ಎರೆನೆಲ ಮೊದಲ ಮಳೆಗೇ ತೇವವನ್ನು ಮೇಲಕ್ಕೆ ಉಗುಳುತ್ತದೆ. ಕೊನೆಗೆ ಶಹಾಬಾದಿನ ಕಲ್ಲುಹಾಸಿರುವ ಕೊಟ್ಟಿಗೆಯನ್ನೇ ಆರಿಸಿ, ಅಲ್ಲಿದ್ದ ತೊಗರಿ, ಜೋಳದ ಚೀಲಗಳನ್ನೆಲ್ಲ ಹೊರಗೆ ಸಾಗಿಸಿದೆವು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರಗಳ ಸುತ್ತ ಭತ್ತದ ಬೆಳೆ ಹಬ್ಬಿದೆ. ಕೊಯ್ಲಾದೊಡನೆ ಗದ್ದೆಯ ಇಲಿಗಳು ಊರ ಕಡೆಗೆ ಮುಖಮಾಡುತ್ತವೆ. ನಾವು ಬಂಡಿಯೊಳಗಿನ ಬಿಸ್ಕತ್ತಿನ ಚೂರನ್ನೂ ಬಿಡದೆ ಗುಡಿಸಿ, ಹೊಗೆಕೊಳವೆಯ ಬಾಯಿಗೂ ಗಾಳಿ ಎಳೆಯುವ ದ್ವಾರಕ್ಕೂ ಸಣ್ಣ ಕಣ್ಣಿನ ತಂತಿಜಾಲರಿಯನ್ನು ಕಟ್ಟಿದೆವು. ಕಟ್ಟಿದ್ದು ಮರೆತೀತೆಂದು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ತೂಗುಹಾಕಿದೆವು. ಇಲಿಪಾಷಾಣವನ್ನು ಮಾತ್ರ ಇಡಬೇಡಿರಿ. ತಿಂದ ಇಲಿ ಸಾಯಲು ಆರಿಸಿಕೊಳ್ಳುವ ಜಾಗ ಕೈಗೆ ಎಟುಕದ ಮೂಲೆಯೇ ಆಗಿರುತ್ತದೆ. ವಾರಕ್ಕೊಮ್ಮೆ ಬಾನೆಟ್ಟನ್ನು ಎತ್ತಿ ನೋಡುವುದಕ್ಕಿಂತ ಮಿಗಿಲಾದ ಮದ್ದಿಲ್ಲ.

ಹೊದಿಕೆಗೆ ಗಾಳಿಯಾಡುವ ಬಟ್ಟೆಯೇ ಆಗಬೇಕು; ಪ್ಲಾಸ್ಟಿಕ್ಕಿನ ತಾಡಪತ್ರಿ ಬೆವರನ್ನು ಒಳಗೇ ಹಿಡಿದಿಡುತ್ತದೆ. ಧೂಳಿನ ಮೇಲೆ ಹೊದಿಕೆಯನ್ನು ಎಳೆದರೆ ಬಣ್ಣದ ಮೇಲೆ ಗೀರು ಬೀಳುವುದೆಂಬುದೂ ನೆನಪಿರಲಿ. ವಿಮೆಯ ಅವಧಿ ನಿಂತಿರುವಾಗಲೇ ಮುಗಿದುಹೋಗದಂತೆಯೂ ನೋಡಿಕೊಳ್ಳಬೇಕು.

ಎಂಟು ವಾರಗಳು ಕಳೆದವು. ಅಳಿಯನು ಹಿಂದಿರುಗಿ ಬಂದು, ದಿನಾ ಚಾಲೂ ಮಾಡಿದಿರಾ ಎಂದು ಕೇಳಿದನು. ಒಂದು ದಿನವೂ ಇಲ್ಲವೆಂದು ಹೇಳಿದಾಗ ಅವನ ಮುಖ ಬಾಡಿತು. ಚೀಟಿಯನ್ನು ಓದಿ ಜಾಲರಿಗಳನ್ನು ಬಿಚ್ಚಿದೆವು. ನೆಲದ ಮೇಲೆ ಎಣ್ಣೆಯ ತೊಟ್ಟು ಬಿದ್ದಿದೆಯೇ ಎಂದು ಬಗ್ಗಿ ನೋಡಿದೆವು. ಗಾಳಿಯನ್ನು ಮೊದಲಿನ ಅಳತೆಗೆ ಇಳಿಸಿದೆವು. ಗುಪ್ತ ತಂತಿಯನ್ನು ಎಳೆದು ಡಿಕ್ಕಿ ತೆರೆದು ಬ್ಯಾಟರಿಯನ್ನು ಜೋಡಿಸಿದೆವು. ಮೊದಲನೆಯ ಸಲಕ್ಕೇ ಎಂಜಿನ್ನು ಗರ್ಜಿಸಿತು. ಬ್ರೇಕಿನ ತಟ್ಟೆಗಳ ಮೇಲೆ ಕೂತ ತೆಳುವಾದ ತುಕ್ಕು ಮೊದಲ ನಾಲ್ಕೈದು ಸಲ ಕಿರಗುಟ್ಟಿ ಅಳಿಸಿಹೋಯಿತು.

ಕಟ್ಟೆಯ ಮೇಲೆ ಕೂತಿದ್ದ ನಮ್ಮ ತಾಯಿಯವರು ಆ ಎರಡು ಆಸನಗಳನ್ನು ಬಹಳ ಹೊತ್ತು ನೋಡಿ, “ಇದರಾಗ ನಾ ಮಲಗೂದೆಲ್ಲೋ?” ಎಂದು ಮೊಮ್ಮಗನನ್ನು ಕೇಳಿದರು. ಅವನು ನಕ್ಕನು. ನಮಗೆ ನಗೆ ಬರಲಿಲ್ಲ. ಅವನು ಹೊರಟುಹೋದ ಮೇಲೆ, ಅದೇ ಸಂಜೆ, ಅಂಗಳದಲ್ಲಿದ್ದ ನಮ್ಮ ಸಣ್ಣ ಕಾರಿನ ಬ್ಯಾಟರಿಯನ್ನು ಅಳೆದು ನೋಡಿದೆವು. 12.3 ತೋರಿಸಿತು. ಚಾರ್ಜರನ್ನು ಜೋಡಿಸಿದೆವು.