ಪತ್ತೇದಾರಿ ಕಾದಂಬರಿಗಾರ್ತಿ ಪಿ.ಡಿ. ಜೇಮ್ಸ್

ಪತ್ತೇದಾರಿ ಕಾದಂಬರಿ ಎಂದೊಡನೆ ನಮ್ಮಲ್ಲಿ ಅನೇಕರು ಮೂಗು ಮುರಿಯುವುದುಂಟು. ರೈಲಿನಲ್ಲಿ ಓದಿ, ಇಳಿಯುವಾಗ ಅಲ್ಲಿಯೇ ಬಿಟ್ಟು ಬರಬಹುದಾದ ಪುಸ್ತಕ ಅದು ಎಂಬ ಭಾವನೆ ಬಲವಾಗಿದೆ. ಕೊಂದವರು ಯಾರೆಂದು ತಿಳಿದ ಮೇಲೆ ಅದರಲ್ಲಿ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ತಮ್ಮ ಬರಹದಿಂದಲೇ ಉತ್ತರ ಕೊಟ್ಟ ಲೇಖಕಿಯೊಬ್ಬರನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಅವರು ಇಂಗ್ಲೆಂಡಿನ ಪಿ.ಡಿ. ಜೇಮ್ಸ್.

ಹೆಸರಿನ ಮೊದಲಕ್ಷರಗಳಿಂದ ಬರೆದವರು ಗಂಡಸೋ ಹೆಂಗಸೋ ತಿಳಿಯುವಂತಿಲ್ಲ. ಪೂರ್ಣ ಹೆಸರು ಫಿಲಿಸ್ ಡೊರೊತಿ ಜೇಮ್ಸ್. ಜನನ 1920ರಲ್ಲಿ, ಆಕ್ಸ್‌ಫರ್ಡಿನಲ್ಲಿ. ತಂದೆ ತೆರಿಗೆ ಇಲಾಖೆಯ ನೌಕರರು. ಫಿಲಿಸ್ ಇನ್ನೂ ಹದಿಹರೆಯದಲ್ಲಿದ್ದಾಗಲೇ ತಾಯಿಯ ಚಿತ್ತಸ್ವಾಸ್ಥ್ಯ ಕೆಟ್ಟು ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮನೆಯ ಹೊಣೆ ಹಿರಿಯ ಮಗಳ ಹೆಗಲಿಗೆ ಬಂತು. 16ನೆಯ ವಯಸ್ಸಿಗೆ ಓದು ನಿಂತಿತು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ವಿದ್ಯಾರ್ಥಿನಿಯಾಗಿ ಅವರು ಹತ್ತಲೇ ಇಲ್ಲ.

1941ರಲ್ಲಿ ಮದುವೆಯಾಯಿತು. ಪತಿ ವೈದ್ಯರಾಗಿ ಸೈನ್ಯದ ಸೇವೆಗೆ ಹೋದರು. ಯುದ್ಧ ಮುಗಿದು ಮರಳಿದಾಗ ಅವರ ಮನಸ್ಸು ಅಸ್ತವ್ಯಸ್ತವಾಗಿತ್ತು. ತಾಯಿಯಲ್ಲಿ ಕಂಡ ಕಷ್ಟವನ್ನು ಈಕೆ ಪತಿಯಲ್ಲಿಯೂ ಕಾಣಬೇಕಾಯಿತು. ಕಾಯಿಲೆಗೆ ಯುದ್ಧಸೇವೆಯೇ ಕಾರಣವೆಂದು ಸರ್ಕಾರ ಒಪ್ಪದೆ ಹೋದುದರಿಂದ ಪಿಂಚಣಿಯೂ ದೊರೆಯಲಿಲ್ಲ. ಇಬ್ಬರು ಹೆಣ್ಣುಮಕ್ಕಳು, ಆಸ್ಪತ್ರೆಗೂ ಮನೆಗೂ ನಡುವೆ ಅಲೆಯುವ ಗಂಡ. ಅತ್ತೆಮಾವಂದಿರ ಆಸರೆಯಲ್ಲಿ ನಿಂತು, 1949ರಲ್ಲಿ ಫಿಲಿಸ್ ಲಂಡನ್ನಿನ ಆಸ್ಪತ್ರೆ ಆಡಳಿತ ಮಂಡಳಿಯಲ್ಲಿ ಕೆಲಸಕ್ಕೆ ಸೇರಿದರು. ಸಂಜೆಯ ತರಗತಿಗಳಲ್ಲಿ ಕಲಿತು, ಪರೀಕ್ಷೆಗಳನ್ನು ಮುಗಿಸಿ, ಮೇಲಿನ ಹುದ್ದೆಗಳಿಗೆ ಏರಿದರು.

ಬರೆಯಬೇಕೆಂಬ ಹಂಬಲ ಬಾಲ್ಯದಿಂದಲೂ ಇತ್ತು. ಆದರೆ ಅನುಕೂಲವಾದ ಕಾಲ ಬರಲೆಂದು ಕಾಯುತ್ತ ಮೂವತ್ತರ ಹರೆಯವೂ ಕಳೆಯುತ್ತ ಬಂತು. ಹೀಗೆಯೇ ಬಿಟ್ಟರೆ ಮುಂದೊಂದು ದಿನ ಮೊಮ್ಮಕ್ಕಳೆದುರು ಕುಳಿತು, ನಾನು ಲೇಖಕಿಯಾಗಬೇಕೆಂದಿದ್ದೆ ಎಂದು ಹೇಳಬೇಕಾದೀತೆಂಬ ಭಯ ಆಗ ಅವರನ್ನು ಹಿಡಿಯಿತಂತೆ. ಅಂದಿನಿಂದ ನಸುಕಿನಲ್ಲೆದ್ದು, ಕಚೇರಿಗೆ ಹೊರಡುವ ಮುನ್ನ ಬರೆಯತೊಡಗಿದರು. ಮೊದಲ ಕಾದಂಬರಿ ‘ಕವರ್ ಹರ್ ಫೇಸ್’ ಮುಗಿಯಲು ವರ್ಷಗಳೇ ಹಿಡಿದವು. 1962ರಲ್ಲಿ ಅದು ಅಚ್ಚಾದಾಗ ಲೇಖಕಿಗೆ 42ರ ಸಮೀಪ. ಎರಡು ವರ್ಷ ಕಳೆಯುವಷ್ಟರಲ್ಲಿ ಪತಿ ತೀರಿಕೊಂಡರು. ಬರವಣಿಗೆ ನಿಲ್ಲಲಿಲ್ಲ, ಉದ್ಯೋಗವೂ ನಿಲ್ಲಲಿಲ್ಲ.

1968ರಲ್ಲಿ ಅವರು ಸರ್ಕಾರದ ಗೃಹ ಇಲಾಖೆಗೆ ಸೇರಿ, ಪೋಲೀಸು ಮತ್ತು ಅಪರಾಧ ನೀತಿಗಳಿಗೆ ಸಂಬಂಧಪಟ್ಟ ವಿಭಾಗಗಳಲ್ಲಿ ದುಡಿದು, 1979ರಲ್ಲಿ ನಿವೃತ್ತರಾದರು. ಹೊಟ್ಟೆಪಾಡಿನ ಈ ಕಚೇರಿಗಳೇ ಅವರ ಸಾಹಿತ್ಯಕ್ಕೆ ಮಣ್ಣಾದುವು. 1971ರ ಕಾದಂಬರಿಯೊಂದರಲ್ಲಿ ಕೊಲೆ ನಡೆಯುವುದು ದಾದಿಯರ ತರಬೇತಿ ಶಾಲೆಯಲ್ಲಿ, ಪಾಠದ ನಡುವೆಯೇ. 1977ರ ‘ಡೆತ್ ಆಫ್ ಆ್ಯನ್ ಎಕ್ಸ್‌ಪರ್ಟ್ ವಿಟ್ನೆಸ್’ ಕೃತಿಯಲ್ಲಿ ಅಪರಾಧಗಳ ಸುಳಿವನ್ನು ಹುಡುಕುವ ಪ್ರಯೋಗಾಲಯವೇ ಅಪರಾಧದ ಸ್ಥಳ. ಬಡ್ತಿಗಾಗಿ ಮಿಡಿಯುವ ಅಸೂಯೆ, ವರ್ಷಗಟ್ಟಲೆ ಮುಚ್ಚಿಟ್ಟ ಅವಮಾನ, ಒಂದೇ ಸೂರಿನಡಿ ದುಡಿಯುವವರ ಮೌನದ ಹಗೆ, ಇವನ್ನು ಅವರು ಒಳಗಿನಿಂದ ಬಲ್ಲರು.

ಅವರ ಪತ್ತೇದಾರ ಆಡಮ್ ಡಾಲ್‌ಗ್ಲೀಶ್ ಪೋಲೀಸ್ ಅಧಿಕಾರಿ, ಕವಿಯೂ ಹೌದು. ಹೆಂಡತಿಯನ್ನೂ ಹಸುಗೂಸನ್ನೂ ಒಟ್ಟಿಗೆ ಕಳೆದುಕೊಂಡವನು. ತಮಗೆ ಇಂಗ್ಲಿಷ್ ಕಲಿಸಿದ ಉಪಾಧ್ಯಾಯಿನಿಯ ಮನೆತನದ ಹೆಸರನ್ನೇ ಲೇಖಕಿ ಅವನಿಗೆ ಕೊಟ್ಟರು. ಇನ್ನೊಂದು ಸರಣಿಯ ನಾಯಕಿ ಕಾರ್ಡೇಲಿಯಾ ಗ್ರೇ, ತಾನೊಬ್ಬಳೇ ಪತ್ತೇದಾರಿ ಕಚೇರಿ ನಡೆಸುವ ತರುಣಿ. 1972ರಲ್ಲಿ ಬಂದ ಆಕೆಯ ಮೊದಲ ಕಥೆಗೆ, ಇದು ಹೆಣ್ಣಿಗೆ ತಕ್ಕ ಕೆಲಸವಲ್ಲ ಎಂಬ ಅರ್ಥದ ಶೀರ್ಷಿಕೆ. ಹೆಣ್ಣೊಬ್ಬಳು ದುಡಿದು ಸಂಸಾರ ಸಾಕುವುದರ ಅರ್ಥ ಬಲ್ಲ ಲೇಖಕಿಯ ವ್ಯಂಗ್ಯ ಅದರಲ್ಲಿದೆ.

ಆಕ್ಷೇಪಗಳೂ ಇಲ್ಲದಿಲ್ಲ. ಅವರ ಪಾತ್ರಗಳು ಬಹುಮಟ್ಟಿಗೆ ಓದಿದ, ಅನುಕೂಲಸ್ಥ ವರ್ಗದವು. ಕೋಣೆಗಳ ವರ್ಣನೆ ಕೆಲವೊಮ್ಮೆ ಕಥೆಯ ನಡಿಗೆಯನ್ನೇ ತಡೆಯುತ್ತದೆ. ಆದರೂ ಆ ವರ್ಣನೆ ವ್ಯರ್ಥವೆನ್ನಲಾರೆ. ಕುರ್ಚಿ, ದೀಪ, ಪುಸ್ತಕದ ಕಪಾಟು ಇವುಗಳ ಮೂಲಕ ಸತ್ತವರ ಬದುಕು ನಮ್ಮೆದುರು ಎದ್ದು ನಿಲ್ಲುತ್ತದೆ. ಅಲ್ಲಿ ಹೆಣವೆಂಬುದು ಬಿಡಿಸಬೇಕಾದ ಒಗಟಷ್ಟೇ ಅಲ್ಲ. ನಿನ್ನೆಯವರೆಗೆ ಬದುಕಿದ್ದ ಒಬ್ಬ ವ್ಯಕ್ತಿ.

ಇಂಗ್ಲೆಂಡಿನಲ್ಲಿ 1975ರ ಕಾನೂನೊಂದು, ದತ್ತು ಹೋದ ಮಕ್ಕಳಿಗೆ 18 ತುಂಬಿದ ಮೇಲೆ ತಮ್ಮ ಜನನದ ದಾಖಲೆಯನ್ನು ನೋಡುವ ಹಕ್ಕನ್ನು ಕೊಟ್ಟಿತು. ಅದರಿಂದ ಹುಟ್ಟಿದುದು 1980ರ ‘ಇನ್ನೊಸೆಂಟ್ ಬ್ಲಡ್’. ದತ್ತುಮಗಳೊಬ್ಬಳು ಹೆತ್ತ ತಾಯಿಯನ್ನು ಹುಡುಕಿ ಹೊರಟು, ಆಕೆ ಕೊಲೆಗಾಗಿ ಸೆರೆಯಲ್ಲಿರುವುದನ್ನು ತಿಳಿಯುತ್ತಾಳೆ. ಕೊಂದವರಾರೆಂಬ ಗುಟ್ಟು ಇಲ್ಲಿ ಇಲ್ಲ. ತಿಳಿದ ಮೇಲೆ ಬದುಕುವುದು ಹೇಗೆ ಎಂಬುದೇ ಪ್ರಶ್ನೆ. ಲೇಖಕಿಗೆ ಹಣದ ಚಿಂತೆಯನ್ನು ತೀರಿಸಿದ್ದೂ ಇದೇ ಕೃತಿ.

ಆಮೇಲೆ ಗೌರವಗಳು ಬಂದುವು. 1987ರಲ್ಲಿ ಬೂಕರ್ ಪ್ರಶಸ್ತಿಯ ತೀರ್ಪುಗಾರರ ಅಧ್ಯಕ್ಷತೆ, ಮರುವರ್ಷ ಬಿ.ಬಿ.ಸಿ.ಯ ಆಡಳಿತ ಮಂಡಳಿಯ ಸದಸ್ಯತ್ವ, 1991ರಲ್ಲಿ ಪ್ರಭುಗಳ ಸಭೆಯಲ್ಲಿ ಸ್ಥಾನ. 2014ರ ನವೆಂಬರಿನಲ್ಲಿ, 94ನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡಿನಲ್ಲಿಯೇ ಅವರು ಕಣ್ಮುಚ್ಚಿದರು.

ಮನೆಯೊಳಗೆ ಎರಡು ಬಾರಿ ಬುದ್ಧಿಯ ಕ್ರಮ ಕುಸಿದುದನ್ನು ಕಂಡವರು, ಎಲ್ಲಕ್ಕೂ ಕೊನೆಯಲ್ಲಿ ಕಾರಣ ದೊರೆಯುವ ಕಥಾಪ್ರಕಾರವನ್ನು ಆರಿಸಿಕೊಂಡುದು ಸಹಜವೆಂದು ನನಗೆ ತೋರುತ್ತದೆ. ಆದರೆ ಅವರು ಆ ಪ್ರಕಾರಕ್ಕೆ ಮರುಳಾಗಲಿಲ್ಲ. ಅಪರಾಧಿ ಸಿಕ್ಕಿದರೂ ಸತ್ತವರು ಬರುವುದಿಲ್ಲ; ಶಂಕೆಗೆ ಒಳಗಾದ ನಿರಪರಾಧಿಗಳು ಮೊದಲಿನಂತಾಗುವುದಿಲ್ಲ. ಕೊಂದವರು ಯಾರೆಂದು ತಿಳಿದ ಮೇಲೆ ಉಳಿಯುವುದು ಇದೇ. ಅವರ ಪುಸ್ತಕವನ್ನು ರೈಲಿನಲ್ಲಿ ಬಿಟ್ಟು ಬರಲು ನಮಗೆ ಮನಸ್ಸಾಗದಿರುವುದೂ ಇದರಿಂದಲೇ.